ದಿನಕ್ಕೆ 116 ಕಿಲೋಮೀಟರ್: ಎಂಟು ಜನ ಸೇರಿ ಒಂದು ವ್ಯಾನ್ ಮಾಡಿಕೊಳ್ಳಬಹುದೇ?

ದೂರದಾರಿ

ನನ್ನ ಮನೆಯಿಂದ ಕೆಲಸದ ಜಾಗಕ್ಕೆ 58 ಕಿಲೋಮೀಟರ್. ಹೋಗಿ ಬರಲು 116. ತಿಂಗಳಿಗೆ 22 ದಿನ ಎಂದು ಹಿಡಿದರೆ 2,552 ಕಿಲೋಮೀಟರ್. ಕಳೆದ ವಾರ ಕಾರನ್ನು ಸರ್ವೀಸಿಗೆ ಬಿಟ್ಟಾಗ ಮೆಕ್ಯಾನಿಕ್ ಮೀಟರ್ ನೋಡಿ, "ಟ್ಯಾಕ್ಸಿ ಓಡಿಸುತ್ತೀರಾ?" ಎಂದು ಕೇಳಿದ. ಇಲ್ಲ ಎಂದೆ. ಮನೆಗೆ ಬರುವ ದಾರಿಯುದ್ದಕ್ಕೂ ಆ ಮಾತು ಕೊರೆಯುತ್ತಲೇ ಇತ್ತು. ಟ್ಯಾಕ್ಸಿಯವನ ಹಿಂದೆ ಕನಿಷ್ಠ ಒಬ್ಬರಾದರೂ ಕುಳಿತಿರುತ್ತಾರೆ.

ಅದೇ ಕೈಗಾರಿಕಾ ಪ್ರದೇಶಕ್ಕೆ ನಮ್ಮ ಕಡೆಯಿಂದ ಹೋಗುವವರನ್ನು ವಿಚಾರಿಸಿದೆ. ನನ್ನನ್ನೂ ಸೇರಿಸಿ ಎಂಟು ಜನ ಸಿಕ್ಕಿದ್ದಾರೆ. ಕಂಪನಿ ಬೇರೆ ಬೇರೆ, ಆದರೆ ಒಳಹೋಗುವ ಹೊತ್ತು ಹೆಚ್ಚುಕಡಿಮೆ ಒಂದೇ. ತಿಂಗಳ ಬಾಡಿಗೆಗೆ ಒಂದು ವ್ಯಾನ್ ತೆಗೆದುಕೊಂಡು ನಮ್ಮಲ್ಲೇ ಒಬ್ಬರು ಓಡಿಸುವುದು, ಖರ್ಚನ್ನು ಹಂಚಿಕೊಳ್ಳುವುದು ನನ್ನ ಯೋಚನೆ.

ಲೆಕ್ಕ ಹೀಗಿದೆ. ಎಂಟು ಕಾರುಗಳು ತಿಂಗಳಿಗೆ 20,416 ಕಿಲೋಮೀಟರ್ ಓಡುತ್ತವೆ. ಲೀಟರಿಗೆ 15 ಕಿಲೋಮೀಟರ್ ಎಂದರೆ 1,361 ಲೀಟರ್ ಪೆಟ್ರೋಲ್. ವ್ಯಾನ್ ಎಲ್ಲರನ್ನೂ ಹತ್ತಿಸಿಕೊಳ್ಳಲು ಸುತ್ತು ಹಾಕಬೇಕಾದ್ದರಿಂದ ಒಂದು ಬದಿಗೆ 64 ಕಿಲೋಮೀಟರ್ ಇಟ್ಟುಕೊಂಡೆ. ತಿಂಗಳಿಗೆ 2,816 ಕಿಲೋಮೀಟರ್ ಆಯಿತು. ಲೀಟರಿಗೆ 10 ಕೊಟ್ಟರೂ 282 ಲೀಟರ್ ಡೀಸೆಲ್. ಉಳಿತಾಯ ಸಾವಿರ ಲೀಟರಿಗೂ ಹೆಚ್ಚು!

ಇಷ್ಟೊಂದು ಲಾಭವಿದ್ದರೆ ಎಲ್ಲರೂ ಏಕೆ ಮಾಡುತ್ತಿಲ್ಲ ಎಂಬುದೇ ನನ್ನ ಅನುಮಾನ. ಮಾಡಿ ನೋಡಿದವರು ಹೇಳಿ.

ಲೆಕ್ಕಿಗ

ಗುಣಾಕಾರ ಸರಿಯಾಗಿದೆ, ಎಂಟು ಎಂಬ ಸಂಖ್ಯೆಯ ಮೇಲೆ ನನಗೆ ಅನುಮಾನ. ಆ ಎಂಟೂ ಜನ ಈಗ ಒಬ್ಬೊಬ್ಬರೇ ಕಾರಿನಲ್ಲಿ ಹೋಗುತ್ತಿದ್ದಾರೆಯೇ? ಬಸ್ಸಿನಲ್ಲಿ ಹೋಗುವವರು ವ್ಯಾನಿಗೆ ಬಂದರೆ ಒಂದು ಹನಿ ಇಂಧನವೂ ಉಳಿಯುವುದಿಲ್ಲ. ಬಸ್ ಹೇಗೂ ಓಡುತ್ತದೆ.

ದೂರದಾರಿ

ಸಿಕ್ಕಿಬಿದ್ದೆ. ಐವರು ಕಾರಿನವರು. ಮೂವರು ಎರಡು ಬಸ್ ಬದಲಾಯಿಸಿ ಹೋಗುವವರು.

ಲೆಕ್ಕಿಗ

ಹಾಗಾದರೆ ಈಗ ಖರ್ಚಾಗುತ್ತಿರುವುದು ಸುಮಾರು 850 ಲೀಟರ್. ವ್ಯಾನಿನ 282 ಕಳೆದರೆ ಉಳಿಯುವುದು 570ರ ಆಸುಪಾಸು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ, ಡೀಸೆಲ್ ಆದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಆ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 1,190 ಕಿಲೋ ಕಡಿಮೆ. ಇದೂ ಸಣ್ಣದಲ್ಲ. ಆದರೆ ಲೀಟರಿನಲ್ಲಿ ನೋಡಿದರೆ ನೀವು ಹೇಳಿದ ಸಾವಿರದ ಸುಮಾರು ಅರ್ಧ. ಬಸ್ಸಿನ ಮೂವರಿಗೆ ಲಾಭ ಬೇರೆ ಬಗೆಯದು, ಅವರಿಗೆ ಸಮಯ ಉಳಿಯುತ್ತದೆ. ಅವರವರ ಲಾಭವನ್ನು ಅವರವರ ಖಾತೆಗೆ ಬರೆಯಿರಿ. ಎಲ್ಲವನ್ನೂ ಇಂಧನದ ಖಾತೆಗೆ ಹಾಕಬೇಡಿ.

ಇನ್ನೊಂದು ವಿಷಯ. ನಿಮ್ಮ ಕಾರಿನ ಖರ್ಚು ಪೆಟ್ರೋಲಿಗೆ ಮುಗಿಯುವುದಿಲ್ಲ. ವರ್ಷಕ್ಕೆ ಮೂವತ್ತು ಸಾವಿರ ಕಿಲೋಮೀಟರಿಗೂ ಹೆಚ್ಚು ಓಡುವ ಕಾರಿನ ಟಯರ್, ಬ್ರೇಕ್, ಎಣ್ಣೆ, ಮಾರುವಾಗ ಇಳಿಯುವ ಬೆಲೆ, ಎಲ್ಲವನ್ನೂ ಒಮ್ಮೆ ಕಾಗದದ ಮೇಲೆ ಬರೆಯಿರಿ. ಮನೆಯಲ್ಲಿ ಎರಡು ಕಾರು ಇರುವವರು ಒಂದನ್ನು ಮಾರುವ ಧೈರ್ಯ ಮಾಡಿದರೆ ನಿಜವಾದ ಉಳಿತಾಯ ಅಲ್ಲಿದೆ. ಕಾರು ಹಾಗೆಯೇ ನಿಂತಿದ್ದರೆ ಅದರ ವಿಮೆ, ತೆರಿಗೆ ಏನೂ ಕಡಿಮೆಯಾಗುವುದಿಲ್ಲ.

ಒಂಟಿಸವಾರ

ನಾನು ಕಾರಿನವನು, ಕಾರಿನವನಾಗಿಯೇ ಉಳಿಯುತ್ತೇನೆ. ಇಡೀ ದಿನದಲ್ಲಿ ಯಾರೂ ನನ್ನನ್ನು ಮಾತನಾಡಿಸದ ಹೊತ್ತು ಅದೊಂದೇ. ಕಚೇರಿಯಲ್ಲಿ ಜನ, ಮನೆಯಲ್ಲಿ ಜನ. ನಡುವಿನ ಒಂದು ಗಂಟೆ ಇಪ್ಪತ್ತು ನಿಮಿಷವನ್ನೂ ಜನರಿಗೆ ಬರೆದುಕೊಡಬೇಕೇ? ಮೇಲಾಗಿ ಯಾರದೋ ಷರಟಿನ ಗುಂಡಿ ಹಾಕಿ ಮುಗಿಯುವವರೆಗೆ ಬೀದಿಯಲ್ಲಿ ಕಾಯಬೇಕು.

ಕಿಟಕಿಪಕ್ಕ

ಆರು ವರ್ಷ ಇಂಥ ವ್ಯಾನಿನಲ್ಲಿ ಓಡಾಡಿದವಳು ನಾನು. ಒಂಟಿಸವಾರ ಅವರೇ, ನಿಮ್ಮ ಮಾತನ್ನು ನಾನೂ ಮೊದಲ ವಾರ ಆಡಿದ್ದೆ. ಆದರೆ ಕಾರಿನಲ್ಲಿ ನೀವು ಒಬ್ಬರೇ ಇದ್ದರೂ ಬಿಡುವಾಗಿ ಇರುವುದಿಲ್ಲವಲ್ಲ? ಕಣ್ಣು ರಸ್ತೆಯ ಮೇಲೆ, ಕಾಲು ಕ್ಲಚ್ಚಿನ ಮೇಲೆ. ವ್ಯಾನಿನಲ್ಲಿ ಏಳು ಜನರ ನಡುವೆ ಕಣ್ಣು ಮುಚ್ಚಿ ಕೂರುವುದು ಅದಕ್ಕಿಂತ ಹೆಚ್ಚಿನ ಏಕಾಂತ. ನಮ್ಮಲ್ಲಿ ಬೆಳಿಗ್ಗೆ ಮಾತಿಲ್ಲ ಎಂಬುದೇ ಮೊದಲ ನಿಯಮವಾಗಿತ್ತು. ಸಂಜೆ ಬೇಕಾದವರು ಮಾತನಾಡಬಹುದು. ಫೋನು ಬಂದರೆ "ಆಮೇಲೆ ಮಾಡುತ್ತೇನೆ" ಎನ್ನುವಷ್ಟು ಮಾತ್ರ ಅವಕಾಶ. ಈ ನಿಯಮ ಇಲ್ಲದೆ ಹೋಗಿದ್ದರೆ ನಮ್ಮ ಜೊತೆಗಿದ್ದ ಒಬ್ಬರ ಮನೆ ಕಟ್ಟುವ ಕಂತ್ರಾಟುದಾರನ ಇಡೀ ಚರಿತ್ರೆ ನಮಗೆ ಬಾಯಿಪಾಠವಾಗುತ್ತಿತ್ತು. ನಿಯಮ ಬರುವ ಮೊದಲೇ ಅರ್ಧದಷ್ಟು ಆಗಿತ್ತು.

ಕಾಯುವ ವಿಷಯ. ಎರಡು ನಿಮಿಷ ಕಾಯುತ್ತಿದ್ದೆವು, ಮೂರನೆಯದಕ್ಕೆ ಹೊರಡುತ್ತಿದ್ದೆವು. ಎಂಟು ಜನರ ಗಾಡಿ ಒಬ್ಬರಿಗಾಗಿ ಮೂರು ನಿಮಿಷ ನಿಂತರೆ ಹೋಗುವುದು ಇಪ್ಪತ್ತೊಂದು ನಿಮಿಷ, ಏಳು ಜನರ ಮೂರು ಮೂರು. ಮೊದಲ ತಿಂಗಳಲ್ಲಿ ಬಿಟ್ಟು ಹೋದದ್ದು ನಮ್ಮ ಪೈಕಿ ಅತ್ಯಂತ ಹಿರಿಯರನ್ನೇ. ಅವರಿಗೆ ಕೋಪ ಬಂತು, ಎರಡು ದಿನ ಮಾತನಾಡಲಿಲ್ಲ. ಅಂದಿನಿಂದ ಆರು ವರ್ಷ ಯಾರೂ ತಡ ಮಾಡಲಿಲ್ಲ.

ಮತ್ತು ದಯವಿಟ್ಟು ಮನೆ ಬಾಗಿಲಿಗೆ ಹೋಗಿ ಹತ್ತಿಸಿಕೊಳ್ಳುವ ಒಪ್ಪಂದ ಮಾಡಿಕೊಳ್ಳಬೇಡಿ. ಪ್ರತಿ ಮನೆಗೆ ನಾಲ್ಕು ನಿಮಿಷದ ಸುತ್ತು ಎಂದರೂ ಮೊದಲು ಹತ್ತಿದವರು ಅರ್ಧ ಗಂಟೆ ಊರನ್ನೇ ಸುತ್ತುತ್ತಾರೆ. ಎರಡು ಅಥವಾ ಮೂರು ಜಾಗ ಗೊತ್ತು ಮಾಡಿ. ಅಲ್ಲಿಗೆ ಎಲ್ಲರೂ ನಡೆದೋ ಸೈಕಲ್ಲಿನಲ್ಲೋ ಬರಲಿ.

ನನಗೆ ಸಿಕ್ಕ ದೊಡ್ಡ ಲಾಭವನ್ನು ಯಾರೂ ಪಟ್ಟಿಯಲ್ಲಿ ಬರೆಯುವುದಿಲ್ಲ. ಸಂಜೆ ಐದೂ ನಲವತ್ತಕ್ಕೆ ನಾನು ಎದ್ದು ನಿಂತು "ವ್ಯಾನ್ ಹೊರಡುತ್ತದೆ" ಎಂದರೆ ನಮ್ಮ ಮೇಲಧಿಕಾರಿ ಮರುಮಾತನಾಡುತ್ತಿರಲಿಲ್ಲ. "ಮನೆಗೆ ಹೋಗಬೇಕು" ಎಂದರೆ ಇನ್ನೊಂದು ಕಡತ ಮುಂದೆ ಬರುತ್ತಿತ್ತು. ಕಾಯುವುದು ವ್ಯಾನ್ ಎಂದಾಗ ಮಾತ್ರ ಅವರಿಗೆ ಹೊತ್ತು ಅರ್ಥವಾಗುತ್ತಿತ್ತು.

ದೂರದಾರಿ

ಕಿಟಕಿಪಕ್ಕ ಮೇಡಂ, ಕೊನೆಯ ಮಾತನ್ನು ನಮ್ಮ ಗುಂಪಿನವರಿಗೆ ಓದಿ ಹೇಳಿದೆ. ಇನ್ನೂ ಮನಸ್ಸು ಮಾಡದಿದ್ದ ಇಬ್ಬರು ಅದನ್ನು ಕೇಳಿಯೇ ಒಪ್ಪಿದರು.

ಹಳೆಕಡತ

ಇದು ಇಂದು ನಿನ್ನೆಯ ಯೋಚನೆಯಲ್ಲ. 1973ರಲ್ಲಿ ಅಮೆರಿಕದ ಸೇಂಟ್ ಪಾಲ್‌ನಲ್ಲಿ 3ಎಂ ಕಂಪನಿ ತನ್ನ ನೌಕರರಿಗಾಗಿ ಆರು ವ್ಯಾನ್‌ಗಳೊಂದಿಗೆ ಇಂಥ ವ್ಯವಸ್ಥೆ ಶುರು ಮಾಡಿತು. ನೌಕರರ ಕಾರುಗಳಿಗೆ ಜಾಗ ಒದಗಿಸುವುದು, ಗೇಟಿನ ಮುಂದಿನ ದಟ್ಟಣೆ, ಇವೇ ಅದರ ತಲೆನೋವು. ಅದೇ ವರ್ಷ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ಪೂರೈಕೆಗೆ ತಡೆ ಹಾಕಿದವು. ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆದಂತೆ ಬೇರೆ ಕಂಪನಿಗಳೂ ಇದರತ್ತ ತಿರುಗಿದವು. ಅಂದರೆ ಪೆಟ್ರೋಲಿನ ಚಿಂತೆ ಆಮೇಲೆ ಬಂದದ್ದು, ಮೊದಲು ಕಾಡಿದ್ದು ಕಾರು ನಿಲ್ಲಿಸುವ ಜಾಗ. ನಿಮ್ಮ ಕಂಪನಿಗಳಿಂದ ಏನಾದರೂ ಸಹಾಯ ಬೇಕಿದ್ದರೆ ಪರಿಸರದ ಮಾತು ಆಡಬೇಡಿ, "ಐದು ಕಾರಿನ ಜಾಗ ಖಾಲಿಯಾಗುತ್ತದೆ, ನಮಗೆ ಗೇಟಿನ ಹತ್ತಿರ ಒಂದು ವ್ಯಾನ್ ನಿಲ್ಲಿಸಲು ಜಾಗ ಕೊಡಿ" ಎಂದು ಕೇಳಿ.

ಅಮೆರಿಕದಲ್ಲೇ ಸಿಯಾಟಲ್ ನಗರವಿರುವ ಕಿಂಗ್ ಕೌಂಟಿ ಎಂಬ ಜಿಲ್ಲೆಯಲ್ಲಿ 1979ರಿಂದ ಸಾರಿಗೆ ಇಲಾಖೆಯೇ ವ್ಯಾನ್ ಕೊಡುತ್ತಿದೆ. ಇಂಧನ, ರಿಪೇರಿ, ವಿಮೆ ಇಲಾಖೆಯದು. ಓಡಿಸುವವರು ಪ್ರಯಾಣಿಕರಲ್ಲೇ ಒಬ್ಬರು.

ಒಂಟಿಸವಾರ

ಇಲಾಖೆಯೇ ವ್ಯಾನ್ ಕೊಟ್ಟರೆ ನಾನೂ ಮಾತು ಬದಲಾಯಿಸಿಯೇನು. ಇಲ್ಲಿ ಇವರು ಸ್ವಂತ ಜೇಬಿನಿಂದ ಬಾಡಿಗೆ ಕಟ್ಟಬೇಕು. ಒಬ್ಬ ಕೈಕೊಟ್ಟರೆ?

ಮುಳುಗಿದಹಡಗು

ಒಬ್ಬ ಕೈಕೊಟ್ಟರೆ ಏನಾಗುತ್ತದೆ ಎಂದು ನಾನು ಹೇಳುತ್ತೇನೆ. ನಮ್ಮ ವ್ಯಾನ್ ಹನ್ನೊಂದು ತಿಂಗಳಿಗೆ ನಿಂತುಹೋಯಿತು.

ನಾವೂ ಎಂಟು ಜನರೇ. ಒಬ್ಬರಿಗೆ ಬೇರೆ ಕಡೆ ಕೆಲಸ ಸಿಕ್ಕಿತು, ಹೋದರು. ಬಾಡಿಗೆ ಅಷ್ಟೇ, ಹಂಚಿಕೊಳ್ಳುವವರು ಏಳು. ಪ್ರತಿಯೊಬ್ಬರ ಪಾಲು ನೂರಕ್ಕೆ ಹದಿನಾಲ್ಕರಷ್ಟು ಏರಿತು. ಯಾರೂ ಏನೂ ಅನ್ನಲಿಲ್ಲ. ಎರಡು ತಿಂಗಳ ಮೇಲೆ ಇನ್ನೊಬ್ಬರು ಹೋದರು. ಆರು ಜನ, ಮೊದಲಿಗಿಂತ ನೂರಕ್ಕೆ ಮೂವತ್ಮೂರು ಹೆಚ್ಚು. ಈಗ ಗೊಣಗಾಟ ಶುರುವಾಯಿತು. ಹೆಚ್ಚಾದ ಪಾಲಿನ ಕಾರಣಕ್ಕೇ ಮೂರನೆಯವರು ಬಿಟ್ಟರು. ಐವರಿಗೆ ಬಂದಾಗ ನೂರಕ್ಕೆ ಅರವತ್ತು ಹೆಚ್ಚಾಗಿತ್ತು. ಆಮೇಲಿನದು ಒಂದೇ ವಾರದ ಕೆಲಸ.

ತಪ್ಪು ಎಲ್ಲಿತ್ತೆಂದು ಈಗ ಕಾಣುತ್ತದೆ. ಮೊದಲ ಸೀಟು ಖಾಲಿಯಾದಾಗ "ಏಳು ಜನ ಸಾಕು, ಆರಾಮವಾಗಿ ಕೂರಬಹುದು" ಎಂದು ಸಂತೋಷಪಟ್ಟೆವು. ಆ ದಿನವೇ ಹೊಸಬರನ್ನು ಹುಡುಕಬೇಕಿತ್ತು.

ಇನ್ನೊಂದು ತಪ್ಪು ಹಣದ್ದು. ಗೆಳೆಯರ ನಡುವೆ ಲೆಕ್ಕವೇಕೆ ಎಂದು ಬರೆದಿಡಲಿಲ್ಲ. ರಜೆಯ ದಿನದ ಹಣ ಕೊಡಬೇಕೇ ಬೇಡವೇ ಎಂಬ ಒಂದೇ ಪ್ರಶ್ನೆಗೆ ಇಬ್ಬರು ಇಂದಿಗೂ ಎದುರಾದರೆ ಮುಖ ತಿರುಗಿಸುತ್ತಾರೆ.

ಲೆಕ್ಕಿಗ

ಮುಳುಗಿದಹಡಗು ಅವರು ಬರೆದಿರುವುದನ್ನು ಅಚ್ಚು ಹಾಕಿಸಿ ವ್ಯಾನಿನ ಒಳಗೆ ಅಂಟಿಸಬೇಕು. ಪರಿಹಾರ ಇದೆ. ಮೊದಲನೆಯದಾಗಿ, ಹಣ ದಿನದ ಲೆಕ್ಕದಲ್ಲಿ ಬೇಡ, ತಿಂಗಳ ಸೀಟಿನ ಲೆಕ್ಕದಲ್ಲಿ ಇರಲಿ. ನೀವು ಬಂದರೂ ಬಾರದಿದ್ದರೂ ನಿಮ್ಮ ಸೀಟು ನಿಮ್ಮದು, ಅದರ ಪಾಲೂ ನಿಮ್ಮದು. ಬಿಡುವವರು ಒಂದು ತಿಂಗಳು ಮೊದಲು ಹೇಳಬೇಕು, ಅಥವಾ ತಮ್ಮ ಜಾಗಕ್ಕೆ ಇನ್ನೊಬ್ಬರನ್ನು ತರಬೇಕು. ಆರಂಭದಲ್ಲೇ ಎಲ್ಲರೂ ಒಂದು ತಿಂಗಳ ಪಾಲನ್ನು ಮುಂಗಡವಾಗಿ ಇಟ್ಟರೆ, ಸೀಟು ಖಾಲಿಯಾದ ತಿಂಗಳು ಅದರಿಂದ ತುಂಬಬಹುದು. ಎಂಟು ಸೀಟಿಗೆ ಎಂಟೇ ಜನರನ್ನು ಇಟ್ಟುಕೊಳ್ಳದೆ, ಕಾಯುವವರ ಪಟ್ಟಿಯಲ್ಲಿ ಇನ್ನಿಬ್ಬರ ಹೆಸರು ಯಾವಾಗಲೂ ಇರಲಿ.

ಎಷ್ಟು ಖಾಲಿ ಸೀಟನ್ನು ತಡೆದುಕೊಳ್ಳಬಹುದು ಎಂಬುದಕ್ಕೆ ಒಂದು ಅಳತೆಗೋಲು ಬೇಕಿದ್ದರೆ, ಅಮೆರಿಕದ ತೆರಿಗೆ ಕಾನೂನಿನಲ್ಲಿ ಒಂದು ಸಿಗುತ್ತದೆ. ಅಲ್ಲಿ ರಿಯಾಯಿತಿ ಸಿಗಬೇಕಾದರೆ ಚಾಲಕರನ್ನು ಬಿಟ್ಟು ಕನಿಷ್ಠ ಆರು ವಯಸ್ಕರ ಸೀಟು ಇರಬೇಕು. ಗಾಡಿ ಓಡುವ ದೂರದಲ್ಲಿ ನೂರಕ್ಕೆ ಎಂಬತ್ತರಷ್ಟಾದರೂ ನೌಕರರನ್ನು ಕರೆದೊಯ್ಯಲು, ಅದೂ ಕನಿಷ್ಠ ಅರ್ಧ ಸೀಟು ತುಂಬಿಕೊಂಡು ಓಡಿರಬೇಕು. ಅರ್ಧಕ್ಕಿಂತ ಕೆಳಗೆ ಇಳಿದರೆ ಅದು ದೊಡ್ಡ ಕಾರು, ಅಷ್ಟೇ.

ನಿವೃತ್ತಚಾಲಕ

ಎಲ್ಲರೂ ಸೀಟಿನ ಬಗ್ಗೆ ಮಾತನಾಡಿದಿರಿ. ಸ್ಟಿಯರಿಂಗ್ ಹಿಡಿಯುವವನ ಬಗ್ಗೆ ಯಾರೂ ಕೇಳಲಿಲ್ಲ. ಮೂವತ್ತೊಂದು ವರ್ಷ ಬಸ್ ಓಡಿಸಿದ್ದೇನೆ, ಅದಕ್ಕೇ ಹೇಳುತ್ತೇನೆ.

ಚಾಲಕ ಕೂಡ ನಿಮ್ಮಂತೆ ಎಂಟು ಗಂಟೆ ದುಡಿದು ಬಂದವನು. ಸಂಜೆ ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ, ಹಿಂದೆ ಏಳು ಜನ ಗೊರಕೆ ಹೊಡೆಯುತ್ತಿದ್ದಾರೆ. ನಿದ್ದೆ ಅಂಟುರೋಗ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಮೂರು ಸೆಕೆಂಡ್ ಕಣ್ಣು ಎಳೆದರೆ 66 ಮೀಟರ್ ನೀವು ಕುರುಡರು. ಕಾರಿನಲ್ಲಿ ಒಬ್ಬನಿದ್ದ, ವ್ಯಾನಿನಲ್ಲಿ ಎಂಟು ಮನೆಗಳಿವೆ. ಆದ್ದರಿಂದ ಚಾಲಕರು ಇಬ್ಬರಿರಲಿ, ಸಾಧ್ಯವಾದರೆ ಮೂವರು. ಬೆಳಿಗ್ಗೆ ಓಡಿಸಿದವರು ಸಂಜೆ ಓಡಿಸಬಾರದು. ಮುಂದಿನ ಸೀಟಿನಲ್ಲಿ ಕೂತವರು ಮಲಗಬಾರದು, ಅದು ಅವರ ಕೆಲಸ.

ದೊಡ್ಡ ವ್ಯಾನ್ ತೆಗೆದುಕೊಂಡು ಇನ್ನೂ ಹೆಚ್ಚು ಜನರನ್ನು ತುಂಬೋಣ ಎಂಬ ಆಸೆ ಬರುತ್ತದೆ. ಹದಿನೈದು ಸೀಟಿನ ಉದ್ದನೆಯ ವ್ಯಾನ್‌ಗಳ ಬಗ್ಗೆ ಅಮೆರಿಕದ ರಸ್ತೆ ಸುರಕ್ಷಾ ಇಲಾಖೆ 2001ರಲ್ಲೇ ಎಚ್ಚರಿಸಿತ್ತು: ಹತ್ತು ಜನರಿಗಿಂತ ಹೆಚ್ಚಾದಾಗ ಉರುಳುವ ಅಪಾಯ ಬಹಳ ಏರುತ್ತದೆ. ಭಾರ ಹಿಂದಕ್ಕೂ ಮೇಲಕ್ಕೂ ಹೋಗುವುದೇ ಕಾರಣ. ನಿಮ್ಮ ಎಂಟು ಸೀಟಿನದು ಸಾಕು. ವಾರಕ್ಕೊಮ್ಮೆ ಟಯರ್ ತಣ್ಣಗಿರುವಾಗಲೇ ಗಾಳಿ ನೋಡಿ. ಚಾವಣಿಯ ಮೇಲೆ ಏನೂ ಕಟ್ಟಬೇಡಿ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಲಿ. ಬೆಲ್ಟ್ ಹಾಕದವನು ಡಿಕ್ಕಿಯಾದಾಗ ಮುಂದೆ ಕೂತವನ ಬೆನ್ನಿಗೆ ಬಂದು ಬಡಿಯುತ್ತಾನೆ.

ರಾತ್ರಿಪಾಳಿ

ಹಿರಿಯರೇ, ಮುಂದಿನ ಸೀಟಿನವರು ಮಲಗಬಾರದೆಂಬ ಮಾತು ಅಪ್ಪಟ ಸತ್ಯ. ನಮ್ಮ ಪಾಳಿ ಮುಗಿಯುವುದು ಬೆಳಗಿನ ಜಾವ. ನಾವು ಐವರು ಹೆಂಗಸರು, ಇಬ್ಬರು ಗಂಡಸರು. ನಾಲ್ಕು ವರ್ಷದಿಂದ ಇದೇ ವ್ಯಾನ್. ಆ ಹೊತ್ತಿನಲ್ಲಿ ನಿಲ್ದಾಣದಲ್ಲಿ ಒಬ್ಬಳೇ ನಿಂತು ಕಾಯುವುದು ತಪ್ಪಿತು. ನಮ್ಮ ಮನೆಯವರಿಗೆ ನಿದ್ದೆ ಬಂದದ್ದೇ ಅಂದಿನಿಂದ. ನಾವು ಮಾತ್ರ ಮನೆ ಬಾಗಿಲವರೆಗೂ ಬಿಡುವ ನಿಯಮ ಇಟ್ಟುಕೊಂಡಿದ್ದೇವೆ. ಕಿಟಕಿಪಕ್ಕ ಅವರು ಹೇಳಿದ್ದು ಹಗಲಿಗೆ ಸರಿ, ರಾತ್ರಿಗೆ ಸರಿಹೋಗುವುದಿಲ್ಲ. ಬಾಗಿಲು ತೆರೆದು ಒಳಗೆ ದೀಪ ಹತ್ತಿದ ಮೇಲೆಯೇ ಗಾಡಿ ಮುಂದಕ್ಕೆ ಹೋಗುತ್ತದೆ. ಹತ್ತು ನಿಮಿಷ ಹೆಚ್ಚಾಗುತ್ತದೆ, ಆಗಲಿ.

ಸೇರಲು ಹಿಂಜರಿಯುವವರಿಗೆಲ್ಲ ಇರುವ ಭಯ ಒಂದೇ: ನಡುವೆ ಮನೆಯಿಂದ ಕರೆ ಬಂದರೆ, ಮಗುವಿಗೆ ಜ್ವರ ಬಂದರೆ, 58 ಕಿಲೋಮೀಟರ್ ದೂರದಲ್ಲಿ ಗಾಡಿಯಿಲ್ಲದೆ ನಾನೇನು ಮಾಡಲಿ? ಇದಕ್ಕೆ ನಾವು ಒಂದು ತುರ್ತು ಡಬ್ಬಿ ಮಾಡಿದ್ದೇವೆ. ತಿಂಗಳಿಗೆ ಎಲ್ಲರೂ ಸ್ವಲ್ಪ ಹಾಕುತ್ತಾರೆ. ಅಂಥ ದಿನ ಬಂದರೆ ಟ್ಯಾಕ್ಸಿ ಖರ್ಚು ಅದರಿಂದ. ಕಾರಣ ಯಾರೂ ಕೇಳುವುದಿಲ್ಲ. ನಾಲ್ಕು ವರ್ಷದಲ್ಲಿ ಡಬ್ಬಿ ತೆರೆದದ್ದು ಆರು ಸಲ. ಆದರೆ ಡಬ್ಬಿ ಇಲ್ಲದೆ ಹೋಗಿದ್ದರೆ ಮೂವರು ಸೇರುತ್ತಲೇ ಇರಲಿಲ್ಲ.

ಹಳೆಕಡತ

ವಿಮೆಯ ಮಾತು ಬಿಟ್ಟೇ ಹೋಯಿತು. ಖಾಸಗಿ ಬಳಕೆಗೆಂದು ಮಾಡಿಸಿದ ವಿಮೆ, ಹಣ ಪಡೆದು ಜನರನ್ನು ಕರೆದೊಯ್ಯುವಾಗ ಆದ ಅಪಘಾತಕ್ಕೆ ಅನ್ವಯಿಸದೆ ಹೋಗಬಹುದು. ಖರ್ಚು ಹಂಚಿಕೊಳ್ಳುವುದು ಬೇರೆ, ಲಾಭಕ್ಕೆ ಬಾಡಿಗೆ ಹೊಡೆಯುವುದು ಬೇರೆ ಎಂದು ಕಾನೂನು ಸಾಮಾನ್ಯವಾಗಿ ನೋಡುತ್ತದೆ, ಆದರೆ ಗೆರೆ ಎಲ್ಲಿದೆ ಎಂಬುದು ಊರಿಂದ ಊರಿಗೆ ಬದಲಾಗುತ್ತದೆ. ಬಾಡಿಗೆ ಕೊಡುವವರಿಂದಲೂ ವಿಮೆ ಕಂಪನಿಯಿಂದಲೂ ಲಿಖಿತ ಉತ್ತರ ಪಡೆಯಿರಿ. ಓಡಿಸುವ ಎಲ್ಲರ ಹೆಸರೂ ಕಾಗದದಲ್ಲಿ ಇರಲಿ. ಬಾಯಿಮಾತಿನ "ಏನೂ ಆಗುವುದಿಲ್ಲ ಸರ್" ಉಪಯೋಗಕ್ಕೆ ಬರುವುದಿಲ್ಲ.

ದೂರದಾರಿ

ಐದು ವಾರ ಆದ ಮೇಲೆ ಬರೆಯುತ್ತಿದ್ದೇನೆ. ವಿಮೆಯ ಕಾಗದ ಕೈಗೆ ಬರಲು ಮೂರು ವಾರ ಹಿಡಿಯಿತು. ಹಳೆಕಡತ ಅವರು ಹೇಳದೆ ಹೋಗಿದ್ದರೆ ಹಾಗೆಯೇ ಹೊರಟಿರುತ್ತಿದ್ದೆವು. ಈಗ ವ್ಯಾನ್ ಎರಡು ವಾರದಿಂದ ಓಡುತ್ತಿದೆ. ಚಾಲಕರು ಮೂವರು, ನಾನೂ ಒಬ್ಬ.

ನಿರೀಕ್ಷಿಸಿದ ತೊಂದರೆಗಳು ಬರಲಿಲ್ಲ, ನಿರೀಕ್ಷಿಸದ್ದು ಬಂತು. ಎಸಿ. ಮುಂದೆ ಕೂತವರಿಗೆ ಚಳಿ, ಹಿಂದೆ ಕೂತವರಿಗೆ ಸೆಕೆ. ಈಗ ದಿನಕ್ಕೊಂದು ಸಾಲು ಹಿಂದೆ ಸರಿಯುವ ಪದ್ಧತಿ ಮಾಡಿದ್ದೇವೆ. ಸುತ್ತು ನಾನು ಅಂದುಕೊಂಡಷ್ಟು ದೊಡ್ಡದಲ್ಲ, ಮೂರು ಜಾಗದಲ್ಲಿ ಮಾತ್ರ ನಿಲ್ಲಿಸುವುದರಿಂದ 61 ಕಿಲೋಮೀಟರಿಗೆ ಮುಗಿಯುತ್ತದೆ. ಆದರೆ ಗಾಡಿ ಲೀಟರಿಗೆ 9 ಕೊಡುತ್ತಿದೆ, 10 ಅಲ್ಲ. ಲೆಕ್ಕಿಗ ಅವರು ನೋಡಿಕೊಳ್ಳಲಿ. ಬಸ್ಸಿನ ಮೂವರಲ್ಲಿ ಒಬ್ಬರಿಗೆ ದಿನಕ್ಕೆ ಐವತ್ತು ನಿಮಿಷ ಉಳಿಯುತ್ತಿದೆಯಂತೆ. ಆ ಹೊತ್ತಿನಲ್ಲಿ ಏನು ಮಾಡುತ್ತೀರಿ ಎಂದರೆ, "ಮಲಗುತ್ತೇನೆ" ಎಂದರು.

ನಾನು ಓಡಿಸದ ದಿನ ಕಿಟಕಿಯಿಂದ ಹೊರಗೆ ನೋಡುತ್ತೇನೆ. ಒಂಬತ್ತು ವರ್ಷ ಓಡಾಡಿದ ದಾರಿಯಲ್ಲಿ ಒಂದು ಕೆರೆ ಇದೆ ಎಂದು ಮೊನ್ನೆ ಗೊತ್ತಾಯಿತು.

ಲೆಕ್ಕಿಗ

61 ಕಿಲೋಮೀಟರ್, ಲೀಟರಿಗೆ 9. ತಿಂಗಳಿಗೆ 2,684 ಕಿಲೋಮೀಟರ್, 298 ಲೀಟರ್. ಹದಿನಾರು ಲೀಟರ್ ಹೆಚ್ಚು. ಕೆರೆಯನ್ನು ಯಾವ ಖಾತೆಗೆ ಬರೆಯಬೇಕೋ ತಿಳಿಯಲಿಲ್ಲ.

ಒಂಟಿಸವಾರ

ಎಂಟನೆಯವರು ಬರುತ್ತಿದ್ದಾರೆಯೇ, ಅಥವಾ ಆಗಲೇ ಕೈಕೊಟ್ಟರೇ?

ದೂರದಾರಿ

ನೀವು ಕೇಳಿದ್ದು ಸರಿಯಾದ ಹೊತ್ತಿಗೆ. ಅವರಿಗೆ ಮುಂದಿನ ತಿಂಗಳಿಂದ ವಾರಕ್ಕೆ ಎರಡು ದಿನ ಮಾತ್ರ ಕಚೇರಿಗೆ ಬಂದರೆ ಸಾಕಂತೆ, ಸೋಮವಾರ ಮತ್ತು ಶುಕ್ರವಾರ. ಇಡೀ ಸೀಟಿನ ಹಣ ಕೊಡಲು ಅವರಿಗೆ ಕಷ್ಟ. ಬಿಡಲು ನಮಗೆ ಕಷ್ಟ, ಮುಳುಗಿದಹಡಗು ಅವರ ಕತೆ ಎಲ್ಲರ ತಲೆಯಲ್ಲಿದೆ.

ಮುಳುಗಿದಹಡಗು

ಇವತ್ತೇ ಹುಡುಕಿ. ಒಂದು ಸೀಟನ್ನು ಇಬ್ಬರು ಹಂಚಿಕೊಳ್ಳಬಹುದು. ದಿನಗಳು ಬೇರೆಯಾಗಿರಬೇಕು, ಅಷ್ಟೇ. ಒಪ್ಪಂದದಲ್ಲಿ ಇಬ್ಬರ ಹೆಸರೂ ಇರಲಿ.

ಒಂಟಿಸವಾರ

ನನ್ನದೂ ಅದೇ ಕೈಗಾರಿಕಾ ಪ್ರದೇಶ ಎಂದು ಇದುವರೆಗೆ ಹೇಳಿರಲಿಲ್ಲ. ಸೋಮವಾರ ಮತ್ತು ಶುಕ್ರವಾರ ನನಗೆ ಕಾರು ಬೇಕೇ ಬೇಕು. ಬೆಳಿಗ್ಗೆ ಮಾತಿಲ್ಲ ಎಂಬ ನಿಯಮ ನಿಮ್ಮಲ್ಲೂ ಇದೆಯೇ?

ದೂರದಾರಿ

ಇದೆ. ಮಂಗಳವಾರ ಆರೂ ಇಪ್ಪತ್ತಕ್ಕೆ ಎರಡನೆಯ ಜಾಗಕ್ಕೆ ಬನ್ನಿ. ಎರಡು ನಿಮಿಷ ಕಾಯುತ್ತೇವೆ.